ಕಿಟಕಿಯಲ್ಲಿ ಬೆಳೆದ ಊರ ಮೆಣಸು
ಬೀಜದ ಗುಣವೆಷ್ಟು, ನೆಲದ ಗುಣವೆಷ್ಟು?

ಊರಿನಿಂದ ಮರಳಿ ಬರುವವರ ಗಂಟಿನಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳೊಡನೆ ಒಂದು ಹಿಡಿ ಒಣಮೆಣಸು ಇಲ್ಲದಿರುವುದು ಅಪೂರ್ವ. ಮುಂಬಯಿ, ಪುಣೆಗಳ ಅಂಗಡಿಗಳಲ್ಲಿ ಮೆಣಸಿಗೇನೂ ಬರವಿಲ್ಲ. ಆದರೂ ಮನೆಯವರು ಕಟ್ಟಿಕೊಡುತ್ತಾರೆ. ನಾವು ಅದನ್ನು ಜೋಪಾನವಾಗಿ ಹೊತ್ತು ತರುತ್ತೇವೆ. ಊರ ಮೆಣಸಿನ ರುಚಿ ಇಲ್ಲಿಯದಕ್ಕೆ ಬಾರದು ಎಂಬುದು ಪರಸ್ಥಳದಲ್ಲಿರುವ ನಮ್ಮವರೆಲ್ಲರ ನಂಬಿಕೆ. ಆದರೆ ಆ ರುಚಿ ಇರುವುದು ಬೀಜದಲ್ಲಿಯೋ, ಊರಿನ ಮಣ್ಣು ನೀರು ಬಿಸಿಲುಗಳಲ್ಲಿಯೋ ಎಂದು ಕೇಳಿದರೆ ನಿಶ್ಚಿತವಾದ ಉತ್ತರ ಕೊಡುವವರು ವಿರಳ.

ಈ ಪ್ರಶ್ನೆ ನಮ್ಮ ಪಾಲಿಗೆ ಬಂದುದು ಮಿತ್ರರೊಬ್ಬರ ಮೂಲಕ. ಅವರು ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆಯ ಕೆಲಸದಲ್ಲಿರುವ ಭಟ್ಟರು; ಕುಂದಾಪುರದ ಕಡೆಯವರು. ಅವರ ತಾಯಿ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಊರ ಮನೆಗೆ ಬೀಗ ಬಿದ್ದಿತ್ತು. ವರ್ಷಾಂತಿಕದ ಕಾರ್ಯಕ್ಕೆ ಹೋದವರು ಅಡುಗೆಮನೆಯ ಗಳುವಿನಲ್ಲಿ ತೂಗುತ್ತಿದ್ದ ಒಂದು ಬಟ್ಟೆಯ ಗಂಟನ್ನು ತೆಗೆದುಕೊಂಡು ಬಂದಿದ್ದರು. ಅದರಲ್ಲಿ ಹುಳ ಹಿಡಿದ ಐದು ಒಣಮೆಣಸುಗಳಿದ್ದವು.

“ಅಮ್ಮ ಪ್ರತಿವರ್ಷ ಇದೇ ಬೀಜ ಹಾಕುತ್ತಿದ್ದರು ಮಾರಾಯ್ರೆ. ಮಜ್ಜಿಗೆ ಮೆಣಸು ಮಾಡುವುದಾದರೆ ಇದರದ್ದೇ ಆಗಬೇಕು. ಇದಕ್ಕೊಂದು ಹೆಸರು ಇದೆಯೋ ಇಲ್ಲವೋ ನನಗೆ ತಿಳಿಯದು. ಹಿತ್ತಿಲಲ್ಲಿ ಈಗ ಬರೇ ಹುಲ್ಲು. ನೀವು ಓದಿದವರು, ಏನಾದರೂ ಮಾಡಲಿಕ್ಕಾಗುತ್ತದೋ ನೋಡಿ” ಎಂದು ಗಂಟನ್ನು ನಮ್ಮ ಕೈಯಲ್ಲಿಟ್ಟರು.

ಗುಮಾಸ್ತಗಿರಿಯ ಓದು ಬೇಸಾಯಕ್ಕೆ ಬರುವುದಿಲ್ಲವೆಂದು ಹೇಳುವಷ್ಟು ಧೈರ್ಯ ಆಗ ನಮಗಾಗಲಿಲ್ಲ. ಮೆಣಸುಗಳನ್ನು ಬಿಡಿಸಿದಾಗ ಕೆಡದೆ ಉಳಿದಿದ್ದ ಬೀಜಗಳು 34.

ಬೀಜದ ಪರೀಕ್ಷೆ

ಕೈಯಲ್ಲಿರುವ ಬೀಜವನ್ನೆಲ್ಲ ಒಮ್ಮೆಲೇ ಬಿತ್ತಬಾರದೆಂಬುದು ಮೊದಲನೆಯ ನಿಯಮ. ಆದುದರಿಂದ 16 ಬೀಜಗಳನ್ನು ಮಾತ್ರ ತೆಗೆದುಕೊಂಡು, ಮಿಕ್ಕ 18ನ್ನು ಕಾಗದದಲ್ಲಿ ಮಡಿಸಿ ಗಾಜಿನ ಶೀಶೆಯಲ್ಲಿಟ್ಟೆವು. ಒಂದೇ ತಳಿಯನ್ನು ಬೆಳೆದರೆ ಅದರ ಗುಣವೇನೆಂದು ತಿಳಿಯುವುದಿಲ್ಲ. ಪಕ್ಕದಲ್ಲಿಟ್ಟು ನೋಡಲು ಬೇರೆಯವೂ ಬೇಕು. ಹಾವೇರಿಯ ಕಡೆಯ ಸಹೋದ್ಯೋಗಿಯೊಬ್ಬರಿಂದ ಬ್ಯಾಡಗಿಯ ಕಡ್ಡಿ ಮೆಣಸನ್ನೂ, ಭಟ್ಟರ ಹೋಟೆಲಿನ ಉಗ್ರಾಣದ ಚೀಲದಿಂದ ಗುಂಟೂರು ಮೆಣಸನ್ನೂ, ಮಂಗಳೂರಿನಿಂದ ಬಂದ ಒಬ್ಬರಿಂದ ಹಣ್ಣಾದ ಗಾಂಧಾರಿ ಮೆಣಸನ್ನೂ ಪಡೆದು, ಒಂದೊಂದರಿಂದ ಹತ್ತು ಬೀಜಗಳನ್ನು ಆರಿಸಿದೆವು.

ಬಿಸಿಲಿನಲ್ಲಿ ಒಣಗಿಸಿದ ಮೆಣಸಿನ ಬೀಜ ಸಾಮಾನ್ಯವಾಗಿ ಮೊಳೆಯುತ್ತದೆ. ಹುರಿದುದು, ಹೆಚ್ಚು ಶಾಖ ತಾಗಿದುದು ಮೊಳೆಯುವುದಿಲ್ಲ. ವರ್ಷಗಳು ಕಳೆದಂತೆ ಬೀಜದ ಶಕ್ತಿ ಕುಂದುತ್ತದೆ. ಪರೀಕ್ಷಿಸುವ ಕ್ರಮ ಸುಲಭವಾದುದು. ಒದ್ದೆ ಮಾಡಿ ಹಿಂಡಿದ ಹತ್ತಿಯ ಬಟ್ಟೆಯಲ್ಲಿ ಬೀಜಗಳನ್ನು ಹರಡಿ, ಮಡಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಬೆಚ್ಚಗಿರುವ ಜಾಗದಲ್ಲಿರಿಸಬೇಕು. 25ರಿಂದ 30 ಡಿಗ್ರಿಯ ಶಾಖ ಮೆಣಸಿಗೆ ಹಿತ. ವಿಜಯದಶಮಿಯ ಮರುದಿನ ನಾವು ಹೀಗೆ ನಾಲ್ಕು ಡಬ್ಬಿಗಳನ್ನು ಸಿದ್ಧಪಡಿಸಿ, ಪ್ರತಿಯೊಂದರ ಮೇಲೂ ಹೆಸರು, ತಾರೀಕುಗಳ ಚೀಟಿ ಅಂಟಿಸಿದೆವು.

ಬ್ಯಾಡಗಿ ಎಂಟನೆಯ ದಿನ ಮೊಳೆಯಿತು. ಹತ್ತರಲ್ಲಿ ಎಂಟು ಬಂದವು. ಗುಂಟೂರು ಒಂಬತ್ತನೆಯ ದಿನ, ಹತ್ತರಲ್ಲಿ ಏಳು. ಗಾಂಧಾರಿ 19 ದಿನಗಳ ಕಾಲ ನಮ್ಮ ತಾಳ್ಮೆಯನ್ನು ಪರೀಕ್ಷಿಸಿ ನಾಲ್ಕು ಮೊಳಕೆ ಕೊಟ್ಟಿತು. ಭಟ್ಟರ ತಾಯಿಯ ಬೀಜ 12ನೆಯ ದಿನದವರೆಗೂ ಅಲುಗಲಿಲ್ಲ. ಭಟ್ಟರು ದಿನವೂ ರಾತ್ರಿ ಕೆಲಸ ಮುಗಿಸಿ ಬಂದು, ಬಾಗಿಲಲ್ಲಿ ನಿಂತೇ “ಏನಾದರೂ ಉಂಟೋ?” ಎಂದು ಕೇಳಿ ಹೋಗುತ್ತಿದ್ದರು. 13ನೆಯ ದಿನ ಒಂದು ಬಿಳಿಯ ಬೇರು ಕಾಣಿಸಿತು. ವಾರದೊಳಗೆ ಐದು ಮೊಳಕೆಗಳಾದವು. ಹದಿನಾರರಲ್ಲಿ ಐದು, ಹಳೆಯ ಬೀಜಕ್ಕೆ ಅದು ಕೆಟ್ಟ ಫಲವಲ್ಲ.

ಮೊಳಕೆಗಳನ್ನು ಕೆಳಗೆ ತೂತು ಮಾಡಿದ ಸಣ್ಣ ಲೋಟಗಳಲ್ಲಿ ನೆಟ್ಟೆವು. ಇಲ್ಲಿ ನಮ್ಮಿಂದ ಒಂದು ತಪ್ಪು ನಡೆಯಿತು. ಅಕ್ಕರೆಯಿಂದ ಬೆಳಿಗ್ಗೆ ನಾವು ನೀರೆರೆಯುತ್ತಿದ್ದೆವು. ನಮಗೆ ತಿಳಿಯದಂತೆ ರಾತ್ರಿ ಭಟ್ಟರೂ ಎರೆಯುತ್ತಿದ್ದರು. ಮಣ್ಣು ಸದಾ ಕೆಸರಾಗಿದ್ದರೆ ಶಿಲೀಂಧ್ರ ಹತ್ತಿ ಎಳೆಯ ಸಸಿಯ ಕಾಂಡ ಬುಡದಲ್ಲಿಯೇ ಕೊಳೆಯುತ್ತದೆ. ಹೀಗೆ ಒಂದೇ ವಾರದಲ್ಲಿ ಎರಡು ಸಸಿಗಳು ಒರಗಿದವು. ಐದು ಇದ್ದುದು ಮೂರಾಯಿತು. ಮಣ್ಣಿನ ಮೇಲ್ಭಾಗ ಬೆರಳಿಗೆ ಒಣಗಿದಂತೆ ತೋರಿದ ಮೇಲೆಯೇ ನೀರು ಹಾಕಬೇಕೆಂಬುದನ್ನು ಆ ಎರಡು ಸಸಿಗಳು ನಮಗೆ ಕಲಿಸಿ ಹೋದವು.

ಬೆಳಕೇ ಬಂಡವಾಳ

ನಮ್ಮ ಕೋಣೆಗೆ ಪೂರ್ವಕ್ಕೊಂದು, ಉತ್ತರಕ್ಕೊಂದು ಕಿಟಕಿ. ಪೂರ್ವದ ಕಿಟಕಿಗೆ ಬೆಳಿಗ್ಗೆ ಸುಮಾರು ನಾಲ್ಕು ತಾಸು ಬಿಸಿಲು ಬೀಳುತ್ತದೆ. ಉತ್ತರದ್ದಕ್ಕೆ ಚಳಿಗಾಲದಲ್ಲಿ ನೇರ ಬಿಸಿಲೇ ಇಲ್ಲ. ಬ್ಯಾಡಗಿಯ ಒಂದು ಸಸಿಯನ್ನು ಬೇಕೆಂದೇ ಉತ್ತರದ ಕಿಟಕಿಯಲ್ಲಿಟ್ಟು, ಅದೇ ಕಾಯಿಯ ಬೀಜದಿಂದ ಬಂದ ಎರಡು ಸೋದರ ಸಸಿಗಳನ್ನು ಪೂರ್ವದಲ್ಲಿಟ್ಟೆವು. ಮಣ್ಣು ಒಂದೇ, ಡಬ್ಬಿಯ ಅಳತೆ ಒಂದೇ. ಹೋಟೆಲಿನಲ್ಲಿ ಬರಿದಾದ ಐದು ಲೀಟರಿನ ಎಣ್ಣೆಯ ಡಬ್ಬಿಗಳನ್ನು ಮೇಲ್ಭಾಗ ಕತ್ತರಿಸಿ, ತಳದಲ್ಲಿ ಐದು ತೂತು ಕೊರೆದು ಬಳಸಿದ್ದೆವು.

ನಾಲ್ವತ್ತು ದಿನಗಳಲ್ಲಿ ಉತ್ತರದ ಗಿಡ ತನ್ನ ಸೋದರರಿಗಿಂತ ಒಂದೂವರೆ ಪಾಲು ಎತ್ತರವಾಗಿತ್ತು. ನೋಡಿದವರು ಅದನ್ನೇ ಮೆಚ್ಚಿದರು. ಆದರೆ ಅದು ಪುಷ್ಟಿಯ ಎತ್ತರವಾಗಿರಲಿಲ್ಲ. ಬೆಳಕು ಸಾಲದ ಗಿಡ ಬೆಳಕನ್ನು ಅರಸಿಕೊಂಡು ಕಾಂಡವನ್ನು ಎಳೆಯುತ್ತ ಹೋಗುತ್ತದೆ. ಕಾಂಡ ಸಣ್ಣಗಾಗುತ್ತದೆ, ಎಲೆ ತೆಳುವಾಗುತ್ತದೆ. ಕೊನೆಗೆ ಅದರಲ್ಲಿ ಐದು ಹೂಗಳಾಗಿ ಐದೂ ಉದುರಿದವು. ಪೂರ್ವದ ಎರಡು ಗಿಡಗಳಲ್ಲಿ ಒಂದು 11, ಇನ್ನೊಂದು 9 ಕಾಯಿ ಕೊಟ್ಟಿತು. ಬೀಜದ ಮನೆತನ ಒಂದೇ ಆದರೂ ಕಿಟಕಿ ಬೇರೆಯಾದರೆ ಫಲ ಎಷ್ಟು ಬೇರೆಯಾಗಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನಮಗೆ ಬೇಕಾಗಲಿಲ್ಲ.

ಬಿಸಿಲೇ ಬಾರದ ಕೋಣೆಯವರು ನಿರಾಶರಾಗಬೇಕಾದುದಿಲ್ಲ. 18 ವಾಟಿನ ಬಿಳಿ ಎಲ್‌ಇಡಿ ದೀಪವೊಂದನ್ನು ಸಸಿಗಳ ಮೇಲೆ ಅರ್ಧ ಅಡಿಯ ಅಂತರದಲ್ಲಿ ತೂಗಹಾಕಿ ದಿನಕ್ಕೆ 14 ತಾಸು ಉರಿಸಿದರೆ ಎಳೆಯ ಸಸಿಗಳು ನೆಟ್ಟಗೆ ಬೆಳೆಯುತ್ತವೆ. ಖರ್ಚು ದಿನಕ್ಕೆ ಕಾಲು ಯುನಿಟ್, ತಿಂಗಳಿಗೆ ಏಳೂವರೆ ಯುನಿಟ್. ಕೋಣೆಯ ಬಿಲ್ಲನ್ನು ಹಂಚಿಕೊಳ್ಳುವವರು ಈ ಲೆಕ್ಕವನ್ನು ಮೊದಲೇ ಜೊತೆಗಾರರಿಗೆ ತಿಳಿಸುವುದು ಒಳ್ಳೆಯದು. ಡಬ್ಬಿಯ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಗೊಡಬಾರದು. ಸೊಳ್ಳೆಗಳಿಗೆ ಅದೇ ತೊಟ್ಟಿಲಾಗುತ್ತದೆ. ಕೆಳಗಿನ ಮನೆಯವರ ಬಟ್ಟೆಗಳ ಮೇಲೆ ನೀರು ತೊಟ್ಟಿಕ್ಕದಂತೆಯೂ ನೋಡಿಕೊಳ್ಳಬೇಕು. ಇದನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ.

ಲೆಕ್ಕದ ಪುಸ್ತಕ

ಗುಣಗಳನ್ನು ಹೋಲಿಸುವುದೆಂದರೆ ಕಣ್ಣಿಗೆ ಚೆನ್ನಾಗಿ ಕಂಡುದನ್ನು ಹೊಗಳುವುದಲ್ಲ. ಹಳೆಯ ಜಮಾಖರ್ಚಿನ ಪುಸ್ತಕವೊಂದನ್ನು ತೆಗೆದುಕೊಂಡು ಗಿಡಕ್ಕೊಂದು ಪುಟ ಮಾಡಿದೆವು. ಮೊಳೆತ ದಿನ, ಎತ್ತರ, ಕಾಂಡ ಕವಲೊಡೆದ ದಿನ, ಮೊದಲ ಹೂ, ಕಾಯಿಯ ಉದ್ದ, ಅದು ನಿಲ್ಲುವ ರೀತಿ, ಸಿಪ್ಪೆ ನುಣುಪೋ ಸುಕ್ಕೋ, ಬೀಜಗಳೆಷ್ಟು, ಖಾರವೆಷ್ಟು, ಹೀಗೆ ಒಂದೊಂದನ್ನೂ ಭಾನುವಾರ ಬರೆಯುತ್ತಿದ್ದೆವು. ಒಂದೇ ಕಿಟಕಿಯಲ್ಲಿಯೂ ಮೂಲೆಗೊಂದು ಬಿಸಿಲು. ಅದಕ್ಕಾಗಿ ಪೂರ್ವದ ಡಬ್ಬಿಗಳ ಸ್ಥಳವನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದೆವು.

ಬ್ಯಾಡಗಿಯ ಮೆಣಸು ಪ್ರಸಿದ್ಧವಾದುದು. ಅದರಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ ಮತ್ತು ದುಂಡು. ಕಡ್ಡಿ ಉದ್ದ ಮತ್ತು ತೆಳು. ಎರಡೂ ಒಣಗಿದಾಗ ಸುಕ್ಕುಗಟ್ಟುತ್ತವೆ. ಬಣ್ಣ ಬಹಳ, ಖಾರ ಮಿತ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನಮ್ಮ ಕಿಟಕಿಯಲ್ಲಿ ಬೆಳೆದ ಕಾಯಿ ಮೂರು ಅಂಗುಲವನ್ನು ದಾಟಲಿಲ್ಲ; ತಂದ ಕಾಯಿ ಐದು ಅಂಗುಲವಿತ್ತು. ಆದರೆ ಸುಕ್ಕು ಅದೇ, ಕಡು ಕೆಂಪು ಅದೇ, ಮಿತವಾದ ಖಾರವೂ ಅದೇ. ಗುಂಟೂರಿನ ಕಾಯಿಗಳೂ ಚಿಕ್ಕವಾದವು. ಸಿಪ್ಪೆ ಮಾತ್ರ ನುಣುಪಾಗಿಯೇ ಇತ್ತು. ಖಾರ ನಾಲಗೆಯಿಂದ ಕಿವಿಯವರೆಗೆ ಏರಿತು. ಗಾಂಧಾರಿ ಏಪ್ರಿಲ್ ತಿಂಗಳವರೆಗೂ ಹೂ ಬಿಡಲಿಲ್ಲ. ಬಿಟ್ಟ ಮೇಲೆ ಗಿಣ್ಣಿಗೆರಡರಂತೆ ಸಣ್ಣ ಕಾಯಿಗಳು ಸೂಜಿಯಂತೆ ಮೇಲ್ಮುಖವಾಗಿ ನಿಂತವು.

ಹೀಗೆ ನೋಡಿದಾಗ ಬಣ್ಣ, ಸುಕ್ಕು, ಕಾಯಿ ನಿಲ್ಲುವ ರೀತಿ ಇವು ಬಹುಮಟ್ಟಿಗೆ ಬೀಜದ ಸ್ವತ್ತು. ಕಾಯಿಯ ಸಂಖ್ಯೆ, ಗಾತ್ರಗಳಲ್ಲಿ ನೆಲ ಬೆಳಕುಗಳ ಕೈ ದೊಡ್ಡದು. ಖಾರ ಇಬ್ಬರಿಗೂ ಸೇರಿದ ಆಸ್ತಿ. ಖಾರದ ಸತ್ವವಾದ ಕ್ಯಾಪ್ಸೈಸಿನ್ ಹುಟ್ಟುವುದು ಬೀಜದಲ್ಲಿಯಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಎಷ್ಟು ಹುಟ್ಟಬಲ್ಲುದೆಂಬುದು ತಳಿಯ ಗುಣ. ಆದರೆ ಬಿಸಿಲು, ನೀರಿನ ಕೊರತೆ ಮುಂತಾದವು ಅದನ್ನು ಏರಿಸಿ ಇಳಿಸುವುದುಂಟು. ಅಮೆರಿಕದ ಔಷಧಶಾಸ್ತ್ರಜ್ಞ ವಿಲ್ಬರ್ ಸ್ಕೋವಿಲ್ 1912ರಲ್ಲಿ ಖಾರವನ್ನು ಅಳೆಯುವ ಕ್ರಮವೊಂದನ್ನು ರೂಪಿಸಿದನು. ಮೆಣಸಿನ ಸತ್ವವನ್ನು ಸಕ್ಕರೆಯ ನೀರಿನಲ್ಲಿ ತೆಳುಗೊಳಿಸುತ್ತ, ಎಷ್ಟು ಪಾಲು ನೀರಿಗೆ ಖಾರ ನಾಲಗೆಗೆ ತಿಳಿಯದಂತಾಗುವುದೆಂದು ನೋಡುವುದೇ ಆ ಕ್ರಮ. ನಮ್ಮ ಕೋಣೆಯಲ್ಲಿ ಮೂವರು ಜೊತೆಗಾರರ ನಾಲಗೆಯೂ ಒಂದು ಬಟ್ಟಲು ಮೊಸರೂ ಆ ಕೆಲಸವನ್ನು ನಡೆಸಿದವು.

ಮೂರರಲ್ಲೊಂದು ಬೇರೆ

ಇನ್ನು ಭಟ್ಟರ ತಾಯಿಯ ಮೂರು ಗಿಡಗಳು. ಜನವರಿಯ ಮಧ್ಯದಲ್ಲಿ ಅವು ಹೂ ಬಿಟ್ಟವು. ಮನೆಯೊಳಗೆ ಗಾಳಿಯೂ ದುಂಬಿಯೂ ಕಡಿಮೆಯಾದುದರಿಂದ, ಬೆಳಿಗ್ಗೆ ಕೊಂಬೆಗಳನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದೆವು. ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿರುವುದರಿಂದ ಆ ಅಲುಗಾಟವೇ ಕಾಯಿ ಕಚ್ಚಲು ಸಾಕಾಗುತ್ತದೆ.

ಒಂದನೆಯ ಮತ್ತು ಮೂರನೆಯ ಗಿಡಗಳಲ್ಲಿ ತಿಳಿಹಸಿರು ಬಣ್ಣದ, ಮೊಂಡು ತುದಿಯ, ದಪ್ಪ ಸಿಪ್ಪೆಯ ಕಾಯಿಗಳು ನೇತಾಡಿದವು. ಭಟ್ಟರು ಒಂದನ್ನು ಬೆರಳಿನಲ್ಲಿ ಹಿಡಿದು ನೋಡಿ, “ಇದೇ” ಎಂದರು. ಮತ್ತೇನೂ ಹೇಳಲಿಲ್ಲ. ಎರಡನೆಯ ಗಿಡದ ಕಾಯಿಗಳು ಅದೇ ಬಣ್ಣದವು. ಆದರೆ ಕೊಂಚ ಗಿಡ್ಡ, ಮತ್ತು ಎಲ್ಲವೂ ಆಕಾಶದ ಕಡೆಗೆ ಮುಖ ಮಾಡಿ ನಿಂತಿದ್ದವು.

“ಇದು ಅಮ್ಮನದಲ್ಲ ಮಾರಾಯ್ರೆ. ನಿಮ್ಮಲ್ಲಿ ಡಬ್ಬಿ ಅದಲು ಬದಲಾಗಿದೆ” ಎಂದು ಭಟ್ಟರು ಬೇಸರಪಟ್ಟರು. ಚೀಟಿ ತೋರಿಸಿದೆವು, ಪುಸ್ತಕ ತೋರಿಸಿದೆವು. ಅವರಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಬೀಜ ಕೆಟ್ಟಿದೆ. ಇದನ್ನು ಕಿತ್ತುಹಾಕಿ” ಎಂದರು. ಇದ್ದುದೇ ಮೂರು ಗಿಡ. ನಾವು ಒಂದು ವಾರದ ಅವಕಾಶ ಕೇಳಿಕೊಂಡೆವು.

ಈ ವಾರದಲ್ಲಿ ನಾವು ಓದಿ ತಿಳಿದುದನ್ನು ವಾಚಕರಿಗೂ ಹೇಳುತ್ತೇವೆ. ಗ್ರೆಗೊರ್ ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆದು, ಎಣಿಸಿ, ತಾನು ಕಂಡ ನಿಯಮವನ್ನು 1866ರಲ್ಲಿ ಪ್ರಕಟಿಸಿದನು. ಗಿಡದಲ್ಲಿ ಒಂದೊಂದು ಗುಣಕ್ಕೂ ಎರಡು ಪಾಲುಗಳಿರುತ್ತವೆ. ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು. ಎರಡೂ ಬೇರೆ ಬೇರೆಯಾಗಿದ್ದರೆ ಪ್ರಬಲವಾದುದು ಮಾತ್ರ ಹೊರಗೆ ಕಾಣಿಸಿಕೊಂಡು, ಇನ್ನೊಂದು ಒಳಗೆ ಅಡಗಿರುತ್ತದೆ. ಅಡಗಿದ ಪಾಲುಗಳೆರಡು ಒಂದೇ ಬೀಜದಲ್ಲಿ ಕೂಡಿದಾಗ, ಅಲ್ಲಿಯವರೆಗೆ ಕಾಣದಿದ್ದ ಗುಣ ಹೊರಬೀಳುತ್ತದೆ; ಸರಾಸರಿ ನಾಲ್ಕರಲ್ಲೊಂದು ಹೀಗಾಗುವುದು. ನಮ್ಮ ದೇಶದ ಮೆಣಸಿನ ತಳಿಗಳಲ್ಲಿ ಗುಣಗಳು ಹೇಗೆ ಇಳಿದುಬರುತ್ತವೆಂಬುದನ್ನು 1930ರ ದಶಕದಲ್ಲಿ ಆರ್. ಬಿ. ದೇಶಪಾಂಡೆ ಎಂಬ ವಿಜ್ಞಾನಿ ಅಭ್ಯಸಿಸಿದರು. ಅವರಿದ್ದ ಪೂಸಾದ ಸಂಶೋಧನ ಸಂಸ್ಥೆಯೇ 1934ರ ಬಿಹಾರ ಭೂಕಂಪದ ತರುವಾಯ, 1936ರಲ್ಲಿ, ದಿಲ್ಲಿಗೆ ಬಂದುದು. ಮೆಣಸಿನ ಮೇಲೆ ನಡೆದ ಅಭ್ಯಾಸಗಳಿಂದ ತಿಳಿದುಬಂದ ಸಂಗತಿಯೆಂದರೆ, ಕಾಯಿ ನೇತಾಡುವುದು ಪ್ರಬಲ ಗುಣ. ಮೇಲ್ಮುಖವಾಗಿ ನಿಲ್ಲುವುದು ಅಡಗಿರಬಲ್ಲ ಗುಣ.

ಎಂದರೆ, ನೇತಾಡುವ ಕಾಯಿಯ ಗಿಡವೊಂದು ನಿಲ್ಲುವ ಗುಣವನ್ನು ಗುಟ್ಟಾಗಿ ಹೊತ್ತಿರಬಹುದು. ಹಿತ್ತಿಲಲ್ಲಿ ಎಂದೋ ಒಂದು ದಿನ ಜೇನುನೊಣ ನೆರೆಯ ಗಿಡದ ಪರಾಗವನ್ನು ತಂದಿದ್ದರೆ ಅಷ್ಟೇ ಸಾಕು. ಆದುದರಿಂದ ಎರಡನೆಯ ಗಿಡ ಪರಕೀಯವಲ್ಲ, ಬೀಜ ಕೆಟ್ಟುದೂ ಅಲ್ಲ. ಅದೂ ಆ ತಾಯಿಯ ಗಂಟಿನದೇ.

ಭಟ್ಟರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರಿಗೊಂದು ನೆನಪು ಬಂದಿತು. ಚಿಕ್ಕಂದಿನಲ್ಲಿ ಹಿತ್ತಿಲಿನ ಸಾಲಿನಲ್ಲಿ ಇಂಥ ಒಂದೆರಡು ಗಿಡ ಏಳುತ್ತಿದ್ದುದುಂಟಂತೆ. ತಾಯಿ ಅವುಗಳ ಕಾಯಿಗಳನ್ನು ದಿನದ ಅಡುಗೆಗೆ ಕೊಯ್ದು ಮುಗಿಸುತ್ತಿದ್ದರಂತೆ. ಬೀಜಕ್ಕೆಂದು ಮಾತ್ರ ನೇತಾಡುವ, ಬಿಳಿಚು ಬಣ್ಣದ, ದಪ್ಪ ಸಿಪ್ಪೆಯ ಕಾಯಿಗಳಿಗೆ ನೂಲು ಕಟ್ಟಿ, “ಇದಕ್ಕೆ ಯಾರೂ ಕೈ ಹಾಕಬೇಡಿ” ಎಂದು ಮಕ್ಕಳಿಗೆ ಹೇಳುತ್ತಿದ್ದರಂತೆ.

ಪ್ರಶ್ನೆಗೆ ಉತ್ತರ ನಮಗೆ ಅಲ್ಲಿ ದೊರೆಯಿತು. ಊರ ಮೆಣಸಿನ ರುಚಿಯಲ್ಲಿ ಬೀಜಕ್ಕೊಂದು ಪಾಲು, ನೆಲಕ್ಕೊಂದು ಪಾಲು. ಮೂರನೆಯದು ಬೀಜವನ್ನು ಆರಿಸಿದ ಕೈಯ ಪಾಲು. ನಾವು ಪುಸ್ತಕವಿಟ್ಟುಕೊಂಡು ಒಂದು ವರ್ಷ ಮಾಡಿದ ಹೋಲಿಕೆಯನ್ನು ಆ ಹೆಂಗಸು ಪುಸ್ತಕವಿಲ್ಲದೆ ಜೀವಮಾನವೆಲ್ಲ ಮಾಡಿದ್ದರು. ಆ ಆರಿಸುವಿಕೆ ನಿಂತ ದಿನ ತಳಿ ಬೇರೆ ದಾರಿ ಹಿಡಿಯುತ್ತದೆ. ಮೆಣಸು ನಮ್ಮ ನಾಡಿನ ಮೂಲದ್ದೂ ಅಲ್ಲ. ಅಮೆರಿಕಾ ಖಂಡದಿಂದ 16ನೆಯ ಶತಮಾನದಲ್ಲಿ ಪೋರ್ತುಗೀಜರ ಮೂಲಕ ಬಂದುದು. ಪರದೇಶದಿಂದ ಬಂದ ಕಾಯಿಯನ್ನು ಬ್ಯಾಡಗಿಯದನ್ನಾಗಿ, ಗುಂಟೂರಿನದನ್ನಾಗಿ ಮಾಡಿದುದರಲ್ಲಿ ಇಂಥ ಹೆಸರಿಲ್ಲದ ಕೈಗಳ ಕೆಲಸ ಬಹಳವಿರಬೇಕು.

ಮುಂದಿನ ಬೀಜ

ಬೀಜಕ್ಕೆ ಬೇಕಾದ ಕೊಂಬೆಗಳಿಗೆ ಹೂ ಅರಳುವ ಮೊದಲೇ ತೆಳುವಾದ ಬಟ್ಟೆಯ ಚೀಲ ಕಟ್ಟಿದರೆ ಪಕ್ಕದ ಗಿಡದ ಪರಾಗ ಬೆರೆಯುವುದಿಲ್ಲ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ನೂಲು ಕಟ್ಟಬೇಕು. ಗಿಡದಲ್ಲಿಯೇ ಪೂರ್ತಿ ಕೆಂಪಾದ ಕಾಯಿಯಿಂದ ಬೀಜ ತೆಗೆದು, ನೆರಳಿನಲ್ಲಿ ಒಣಗಿಸಿ, ಚೀಟಿ ಬರೆದು, ತೇವ ತಾಗದಂತೆ ಮುಚ್ಚಿಡಬೇಕು. ಪೇಟೆಯಲ್ಲಿ ದೊರೆಯುವ ಸಂಕರ ತಳಿಯ ಕಾಯಿಯಿಂದ ಬೀಜ ತೆಗೆದರೆ ಮಕ್ಕಳು ತಾಯಿಯಂತೆಯೇ ಇರುವರೆಂಬ ಭರವಸೆಯಿಲ್ಲ. ಮಳೆಗಾಲದ ಆರಂಭದಲ್ಲಿ ಎಲೆ ಮುದುರುವ ರೋಗ ಕಂಡ ಗಿಡವನ್ನು ಬೇರೆಯಿಡಬೇಕು. ಈ ಎರಡು ಎಚ್ಚರಗಳಿದ್ದರೆ ಸಾಕು.

ಮಾರ್ಚಿಯಲ್ಲಿ ಭಟ್ಟರು ಮೂರೂ ಗಿಡಗಳ ಕಾಯಿಗಳಲ್ಲಿ ಕೆಲವನ್ನು ಹಸಿರಿನಲ್ಲಿಯೇ ಕೊಯ್ದು, ಸೀಳಿ, ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಹಾಕಿ, ಹೋಟೆಲಿನ ಮಾಳಿಗೆಯ ಮೇಲೆ ಒಣಗಿಸಿದರು. ಒಂದು ಭಾನುವಾರ ಎಣ್ಣೆಯಲ್ಲಿ ಕರಿದು, ಮೊಸರನ್ನದೊಡನೆ ನಮ್ಮ ಕೋಣೆಗೇ ತಂದರು. ನೇತಾಡುವ ಗಿಡದ್ದನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನಿಲ್ಲುವ ಗಿಡದ್ದನ್ನು ತಿಂದು, “ಖಾರ ಒಂದು ಚೂರು ಹೆಚ್ಚು. ಇರಲಿ, ಇದೂ ಮನೆಯದೇ” ಎಂದರು. ಕಿತ್ತುಹಾಕುವ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಬೀಜ ಮೂರು ಕಡೆ ಇದೆ. ಒಂದು ಪೊಟ್ಟಣ ಭಟ್ಟರ ಟ್ರಂಕಿನಲ್ಲಿ, ಒಂದು ನಮ್ಮ ಶೀಶೆಯಲ್ಲಿ, ಹಳೆಯ 18 ಬೀಜಗಳ ಪಕ್ಕದಲ್ಲಿ. ಮೂರನೆಯದನ್ನು ಭಟ್ಟರು ಊರಿನ ನೆರೆಮನೆಯವರಿಗೆ ಕಳುಹಿಸಿ, ಯಾವ ಕಾಯಿಗೆ ನೂಲು ಕಟ್ಟಬೇಕೆಂಬುದನ್ನು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಾರೆ.

ವಾಚಕರ ಗಂಟಿನಲ್ಲಿಯೂ ಊರಿನ ಒಂದು ಒಣಮೆಣಸು ಇದ್ದೀತು. ಅರೆಯುವ ಮೊದಲು ಅದರ ಹತ್ತು ಬೀಜಗಳನ್ನು ತೆಗೆದಿಡಬೇಕೆಂದು ನಮ್ಮ ಸೂಚನೆ. ಒಂದು ಡಬ್ಬಿ, ನಾಲ್ಕು ತಾಸಿನ ಬಿಸಿಲು, ಒಂದು ಪುಟದ ಲೆಕ್ಕ, ಇಷ್ಟಿದ್ದರೆ ಕೆಲಸ ನಡೆಯುತ್ತದೆ. ನೀರು ಮಾತ್ರ ಒಬ್ಬರೇ ಹಾಕುವುದು ಕ್ಷೇಮ.